ಹಡಗು ಬಿಟ್ಟ ಜಿಮ್, ಬೆಟ್ಟದಡಿಯ ರಾವಣ

ಪ್ರಶ್ನೆ: ಜೋಸೆಫ್ ಕಾನ್ರಾಡ್ ಬರೆದ ‘ಲಾರ್ಡ್ ಜಿಮ್’ ಕಾದಂಬರಿ ಓದಿ ಮುಗಿಸಿದೆ. ಜಿಮ್ ಒಳ್ಳೆಯವನೋ ಕೆಟ್ಟವನೋ ಎಂಬುದು ಕೊನೆಯ ಪುಟದವರೆಗೂ ಇತ್ಯರ್ಥವಾಗಲಿಲ್ಲ. ಲೇಖಕ ತೀರ್ಪು ಕೊಡದೆ ಜಾರಿಕೊಂಡಿದ್ದಾನೆಯೇ? ನಮ್ಮ ಹಳೆಯ ಸಾಹಿತ್ಯದಲ್ಲಿ ಇಂಥ ಇಬ್ಬಂದಿಯ ಪಾತ್ರಗಳಿಲ್ಲ, ಅಲ್ಲಿ ರಾಮ ರಾಮನೇ, ರಾವಣ ರಾವಣನೇ ಎಂದು ಗೆಳೆಯರು ವಾದಿಸುತ್ತಾರೆ. ಕೆಲಸದ ನಿಮಿತ್ತ ಛತ್ರಪತಿ ಸಂಭಾಜಿನಗರದಲ್ಲಿದ್ದೇನೆ, ವೇರೂಳ್ (ಎಲ್ಲೋರ) ಹತ್ತಿರವೇ ಇದೆ. ಅಲ್ಲಿ ಈ ವಿಷಯಕ್ಕೆ ಹೊಂದುವಂಥದ್ದು ಏನಾದರೂ ಇದೆಯೇ?

ಉತ್ತರ: ಇದೆ. ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಸಿಗುತ್ತದೆ, ಅದೂ ನಿಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ. ಆದರೆ ಮೊದಲು ಜಿಮ್‌ನ ವಿಷಯ ಮಾತಾಡಿಬಿಡೋಣ.

ಕಾನ್ರಾಡ್ ತೀರ್ಪು ಕೊಟ್ಟಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪಾಟ್ನಾ ಎಂಬ ಹಡಗಿನಲ್ಲಿ 800 ಯಾತ್ರಿಕರು ಮೆಕ್ಕಾಕ್ಕೆ ಹೊರಟಿದ್ದಾರೆ. ನಡುರಾತ್ರಿ ಹಡಗು ನೀರಿನಡಿಯ ಏನಕ್ಕೋ ತಗುಲುತ್ತದೆ. ತುಕ್ಕು ಹಿಡಿದ ಒಂದು ಕಬ್ಬಿಣದ ಗೋಡೆ ಮಾತ್ರ ಸಮುದ್ರವನ್ನು ತಡೆದು ನಿಂತಿದೆ. ಬಿರುಗಾಳಿ ಹತ್ತಿರವಾಗುತ್ತಿದೆ, ದೋಣಿಗಳು ಎಲ್ಲರಿಗೂ ಸಾಲವು. ಕಪ್ತಾನ ಮತ್ತು ಅವನ ಸಂಗಡಿಗರು ಮಲಗಿರುವ ಯಾತ್ರಿಕರನ್ನು ಎಬ್ಬಿಸದೆ ಒಂದು ದೋಣಿ ಇಳಿಸಿಕೊಂಡು ಹೊರಡುತ್ತಾರೆ. ಜಿಮ್ ಆ ಹಡಗಿನ ಮುಖ್ಯ ಅಧಿಕಾರಿ. ದೋಣಿ ಇಳಿಸಲು ಅವನು ಕೈ ಹಾಕುವುದಿಲ್ಲ, ಅವರನ್ನು ಕಂಡರೆ ಅವನಿಗೆ ಅಸಹ್ಯ. ಆದರೂ ಕೊನೆಯ ಗಳಿಗೆಯಲ್ಲಿ ಹಾರಿಬಿಡುತ್ತಾನೆ. ಹಡಗು ಮುಳುಗುವುದೇ ಇಲ್ಲ. ಫ್ರೆಂಚ್ ನೌಕೆಯೊಂದು ಅದನ್ನು ಏಡನ್ ಬಂದರಿಗೆ ಎಳೆದು ತರುತ್ತದೆ. ಕಪ್ತಾನ ಪರಾರಿಯಾಗುತ್ತಾನೆ. ಜಿಮ್ ಒಬ್ಬನೇ ವಿಚಾರಣೆಗೆ ಎದೆಕೊಟ್ಟು ನಿಲ್ಲುತ್ತಾನೆ. ನ್ಯಾಯಪೀಠ ಅವನ ಅಧಿಕಾರಪತ್ರವನ್ನು ರದ್ದು ಮಾಡುತ್ತದೆ.

ಕಾದಂಬರಿಯಲ್ಲಿ ಈ ತೀರ್ಪು ತಪ್ಪೆಂದು ಹೇಳುವ ಒಂದು ಮಾತೂ ಇಲ್ಲ. ಜಿಮ್ ಮಾಡಿದ್ದು ತಪ್ಪು. ಅದನ್ನು ಅವನೂ ಬಲ್ಲ, ಕಥೆ ಹೇಳುವ ಮಾರ್ಲೋ ಬಲ್ಲ, ಕಾನ್ರಾಡ್ ಎಲ್ಲರಿಗಿಂತ ಚೆನ್ನಾಗಿ ಬಲ್ಲ. ಅವನು ಸ್ವತಃ ವರ್ಷಗಟ್ಟಲೆ ಸಮುದ್ರದ ಮೇಲೆ ದುಡಿದವನು, 1886ರಲ್ಲಿ ಬ್ರಿಟಿಷ್ ಕಪ್ತಾನನ ಅರ್ಹತೆ ಪಡೆದವನು. ಯಾತ್ರಿಕರನ್ನು ಬಿಟ್ಟು ಓಡುವುದೆಂದರೆ ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೃತ್ಯದ ಮೇಲಿನ ತೀರ್ಪು ಮುಗಿದ ಮೇಲೂ ಮನುಷ್ಯನ ಕಡತವನ್ನು ಮುಚ್ಚಲು ಅವನು ಒಪ್ಪಲಿಲ್ಲ, ಅಷ್ಟೇ. ಕಾದಂಬರಿಯ ದೊಡ್ಡ ಭಾಗ ನಡೆಯುವುದೇ ತೀರ್ಪಿನ ನಂತರ.

ಕಥೆಯ ಬೇರು ನಿಜವಾದ ಘಟನೆಯಲ್ಲಿದೆ. 1880ರಲ್ಲಿ ಜೆದ್ದಾ ಎಂಬ ಉಗಿಹಡಗು 900ಕ್ಕೂ ಹೆಚ್ಚು ಹಜ್ ಯಾತ್ರಿಕರನ್ನು ಹೊತ್ತು ಹೊರಟಿತ್ತು. ನಡುದಾರಿಯಲ್ಲಿ ನೀರು ನುಗ್ಗಿದಾಗ ಕಪ್ತಾನ ಮತ್ತು ಅಧಿಕಾರಿಗಳು ಯಾತ್ರಿಕರನ್ನು ಬಿಟ್ಟು ದೋಣಿ ಹತ್ತಿದರು. ದಾರಿಯಲ್ಲಿ ಸಿಕ್ಕ ಇನ್ನೊಂದು ಹಡಗಿನಲ್ಲಿ ಏಡನ್ ತಲುಪಿ, ನಮ್ಮ ಹಡಗು ಮುಳುಗಿತು ಎಂದರು. ಮರುದಿನವೋ ಏನೋ, ಆಂಟೆನರ್ ಎಂಬ ಹಡಗು ಜೆದ್ದಾವನ್ನು ಯಾತ್ರಿಕರ ಸಮೇತ ಅದೇ ಬಂದರಿಗೆ ಕರೆತಂದಿತು. ವಿಚಾರಣೆಯಲ್ಲಿ ಕಪ್ತಾನನ ಪರವಾನಗಿಯನ್ನು ಮೂರು ವರ್ಷ ಅಮಾನತು ಮಾಡಿದರು. ಅಷ್ಟು ಜೀವಗಳಿಗೆ ಮೂರು ವರ್ಷ! ಕಾದಂಬರಿಯ ನ್ಯಾಯಪೀಠ ನಿಜವಾದ ನ್ಯಾಯಪೀಠಕ್ಕಿಂತ ಕಠಿಣವಾಗಿದೆ ಎಂಬುದನ್ನು ಗಮನಿಸಿ. ಕಾನ್ರಾಡ್ ತಪ್ಪನ್ನು ತೆಳು ಮಾಡಲು ಹೊರಟವನಲ್ಲ ಎಂಬುದಕ್ಕೆ ಇಷ್ಟು ಸಾಕು.

ವಿಚಾರಣೆಯ ಭಾಗವನ್ನು ನೀವು ಇನ್ನೊಮ್ಮೆ ನಿಧಾನವಾಗಿ ಓದಬೇಕು. ಅಲ್ಲಿ ಇಬ್ಬರು ಮಲಯ ಚುಕ್ಕಾಣಿಗರು ಸಾಕ್ಷಿ ಹೇಳುತ್ತಾರೆ. ಅಧಿಕಾರಿಗಳೆಲ್ಲ ಹಾರಿ ಹೋದರೂ ಇವರಿಬ್ಬರು ಚುಕ್ಕಾಣಿ ಬಿಡದೆ ನಿಂತಿದ್ದವರು. ಆಗ ನಿಮಗೆ ಏನನ್ನಿಸಿತು ಎಂದು ಕೇಳಿದರೆ ಒಬ್ಬ, ಏನೂ ಅನ್ನಿಸಲಿಲ್ಲ ಎನ್ನುತ್ತಾನೆ. ಇನ್ನೊಬ್ಬ ಹಿರಿಯ. ಬಿಳಿಯರು ಹಡಗು ಬಿಡಬೇಕಾದರೆ ಏನೋ ಗುಟ್ಟಿನ ಕಾರಣ ಇದ್ದಿರಬೇಕು ಎನ್ನುತ್ತಾನೆ. ಎರಡು ನಿಮಿಷದ ಈ ಸಾಕ್ಷ್ಯ ನನ್ನ ಮಟ್ಟಿಗೆ ಇಡೀ ಪುಸ್ತಕದ ತೂಕದ ಬಟ್ಟು. ಜಿಮ್ ತನ್ನ ಬಗ್ಗೆ ಆಡುವ ನೂರಾರು ಪುಟಗಳ ಮಾತನ್ನು ಒಂದು ತಟ್ಟೆಯಲ್ಲಿಟ್ಟು, ಚುಕ್ಕಾಣಿ ಹಿಡಿದು ನಿಂತ ಆ ಇಬ್ಬರ ಮೌನವನ್ನು ಇನ್ನೊಂದರಲ್ಲಿಡಿ. ಅವರ ಹೆಸರು ಕೂಡ ನಮಗೆ ಗೊತ್ತಾಗುವುದಿಲ್ಲ.

ಅದೇ ಪೀಠದಲ್ಲಿ ಬ್ರಿಯರ್ಲಿ ಎಂಬ ಕಪ್ತಾನ ಕುಳಿತಿದ್ದಾನೆ. ಹೆಸರುವಾಸಿ, ಕಳಂಕವಿಲ್ಲದವನು, ಒಂದು ದಿನವೂ ಎಡವದವನು. ವಿಚಾರಣೆ ಮುಗಿದ ಸ್ವಲ್ಪ ದಿನಕ್ಕೆ ಅವನು ತನ್ನ ಹಡಗಿನಿಂದ ಸಮುದ್ರಕ್ಕೆ ಹಾರಿ ಸಾಯುತ್ತಾನೆ. ಕಾರಣವನ್ನು ಕಾನ್ರಾಡ್ ಬಿಡಿಸಿ ಹೇಳುವುದಿಲ್ಲ. ಕಟಕಟೆಯಲ್ಲಿ ನಿಂತ ಹುಡುಗನಲ್ಲಿ ಬ್ರಿಯರ್ಲಿ ತನ್ನನ್ನೇ ಕಂಡ ಎಂದು ನಾವು ಊಹಿಸುತ್ತೇವೆ. ನೀವು ಇಬ್ಬಂದಿ ಎಂದು ಕರೆದದ್ದು ಇಲ್ಲಿದೆ: ತೀರ್ಪು ಕೊಡುವವನ ಒಳಗೂ ಅದೇ ಬಿರುಕು.

ಜಿಮ್‌ನ ರೋಗ ಹೇಡಿತನ ಒಂದೇ ಆಗಿದ್ದರೆ ಕಾದಂಬರಿ ಅಷ್ಟು ದೊಡ್ಡದಾಗಬೇಕಿರಲಿಲ್ಲ. ಹುಡುಗನಾಗಿದ್ದಾಗ ಸಾಹಸದ ಕಥೆಗಳನ್ನು ಓದಿ, ತಾನು ಮುಳುಗುವವರನ್ನು ರಕ್ಷಿಸುವ ವೀರ ಎಂದು ಅವನು ಮನಸ್ಸಿನಲ್ಲಿ ತನ್ನದೊಂದು ಚಿತ್ರ ಬರೆದುಕೊಂಡಿದ್ದಾನೆ. ಆ ಚಿತ್ರಕ್ಕೆ ಧಕ್ಕೆ ಬಂದದ್ದನ್ನು ಅವನಿಗೆ ತಡೆದುಕೊಳ್ಳಲಾಗುವುದಿಲ್ಲ. ಹಡಗಿನಲ್ಲಿ ಬಿಟ್ಟುಬಂದ ಎಂಟುನೂರು ಜನರಿಗಿಂತ ಅವನನ್ನು ಹೆಚ್ಚು ಕಾಡುವುದು ಕೈತಪ್ಪಿದ ಅವಕಾಶ. ಮುಂದೆ ಪಟುಸಾನ್ ಎಂಬ ದೂರದ ನಾಡಿನಲ್ಲಿ ಅವನು ಜನರ ನಂಬಿಕೆ ಗಳಿಸುತ್ತಾನೆ, ಪ್ರೀತಿ ಗಳಿಸುತ್ತಾನೆ, ನಿಜಕ್ಕೂ ಒಳ್ಳೆಯ ಕೆಲಸ ಮಾಡುತ್ತಾನೆ. ಇದನ್ನು ಸುಳ್ಳೆನ್ನುವ ಹಾಗಿಲ್ಲ. ಈ ಕೊನೆಯ ಭಾಗಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಅಲ್ಲಿ ಅವನಿಗೂ ನಮ್ಮ ರಾವಣನಿಗೂ ನೇರ ಸಂಬಂಧವಿದೆ.

ಈಗ ನಿಮ್ಮ ಊರಿಗೆ ಬರೋಣ. ಸಮುದ್ರದಿಂದ ಇಷ್ಟು ದೂರದ ಈ ಬೆಟ್ಟಗಳಲ್ಲಿ ಹಡಗಿನ ಕಥೆಗಳಿಗೆ ಕೊರತೆಯಿಲ್ಲ. ನಗರದ ಅಂಚಿನಲ್ಲೇ ಇರುವ ಬೌದ್ಧ ಗುಹೆಗಳಲ್ಲಿ ಏಳನೆಯದರ ಬಾಗಿಲ ಪಕ್ಕ ನಿಂತ ಅವಲೋಕಿತೇಶ್ವರನನ್ನು ನೋಡಿ. ಅವನ ಎರಡೂ ಬದಿಗೆ ಎಂಟು ಮಹಾಭಯಗಳನ್ನು ಚಿಕ್ಕ ಚಿಕ್ಕ ದೃಶ್ಯಗಳಾಗಿ ಕೆತ್ತಿದ್ದಾರೆ. ಬೆಂಕಿ, ಹಾವು, ಆನೆ, ಸಿಂಹಗಳ ಜೊತೆಗೆ ಅಪಾಯಕ್ಕೆ ಸಿಕ್ಕಿದ ಹಡಗೂ ಇದೆ. ದೂರದ ಬಂದರುಗಳೊಂದಿಗೆ ವ್ಯಾಪಾರ ಮಾಡುತ್ತಿದ್ದ ವರ್ತಕರ ದಾರಿಯಲ್ಲಿದ್ದ ಊರಿಗೆ ಆ ಭಯ ಹೊಸದಾಗಿರಲಿಲ್ಲ. ಅದೇ ಜಿಲ್ಲೆಯ ಅಜಂತಾದ 17ನೆಯ ಗುಹೆಯಲ್ಲಿ ಸಿಂಹಲನೆಂಬ ವರ್ತಕನ ಕಥೆ ಗೋಡೆ ತುಂಬ ಹರಡಿದೆ. ಹಡಗು ಒಡೆದು ಅವನೂ ಸಂಗಡಿಗರೂ ರಕ್ಕಸಿಯರ ದ್ವೀಪ ಸೇರುತ್ತಾರೆ. ಬಿಳಿಯ ಕುದುರೆಯಾಗಿ ಬಂದ ಬೋಧಿಸತ್ವನನ್ನು ಹತ್ತಿ, ಹಿಂತಿರುಗಿ ನೋಡದ ಸಿಂಹಲ ಪಾರಾಗುತ್ತಾನೆ. ಮೋಹದಿಂದ ಹಿಂದಕ್ಕೆ ನೋಡಿದವರು ರಕ್ಕಸಿಯರ ಬಾಯಿಗೆ ಬೀಳುತ್ತಾರೆ. ಚಿತ್ರ ಅದ್ಭುತ, ಆದರೆ ನೀವು ಹುಡುಕುತ್ತಿರುವುದು ಅಲ್ಲಿ ಸಿಗದು. ಅಲ್ಲಿ ಪಾರಾದವನು ಪಾರಾದ, ಬಿದ್ದವನು ಬಿದ್ದ. ಬಿದ್ದವನ ಒಳಗೆ ಏನು ನಡೆಯಿತೆಂದು ಯಾರೂ ಕೇಳುವುದಿಲ್ಲ.

ಅದನ್ನು ಕೇಳಿದವರ ಕೆಲಸ ನೋಡಬೇಕಾದರೆ ವೇರೂಳಿಗೆ ಹೋಗಿ. ಅಲ್ಲಿನ 16ನೆಯ ಗುಹೆಯಾದ ಕೈಲಾಸನಾಥ ದೇವಾಲಯ ನಮ್ಮ ರಾಷ್ಟ್ರಕೂಟರದು. ಆ ವಂಶದ ದಂತಿದುರ್ಗನ ಶಾಸನ ಪಕ್ಕದ ದಶಾವತಾರ ಗುಹೆಯಲ್ಲಿದೆ. ಕೈಲಾಸವನ್ನು ಕಡಿಸಿದ ಕೀರ್ತಿ 756ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಕೃಷ್ಣನದು. ಕೆಲಸ ಒಬ್ಬನೇ ಅರಸನ ಕಾಲಕ್ಕೆ ಮುಗಿದಿಲ್ಲ ಎಂದು ಹೆಚ್ಚಿನ ವಿದ್ವಾಂಸರು ನಂಬುತ್ತಾರೆ. ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ, ಹಿಂಬದಿಯಲ್ಲಿ ಸುಮಾರು 107 ಅಡಿ ಆಳಕ್ಕೆ ಕಡಿದು, ನಡುವೆ ಉಳಿಸಿದ ಒಂದೇ ಬಂಡೆಯಲ್ಲಿ ಇಡೀ ಗುಡಿಯನ್ನು ಬಿಡಿಸಿದ್ದಾರೆ. 812ರ ಬರೋಡ ತಾಮ್ರಪಟ ಈ ಗುಡಿಯನ್ನು ಹೊಗಳುತ್ತ, ಇದನ್ನು ಮಾಡಿದ ಶಿಲ್ಪಿಯೇ ತನ್ನ ಕೆಲಸ ಕಂಡು ಬೆರಗಾದ ಎನ್ನುತ್ತದೆ. ಗೋದಾವರಿಯ ಉತ್ತರ ದಂಡೆಯಾಚೆಗಿನ ಈ ನೆಲಕ್ಕೂ ಕನ್ನಡದ ಮನಸ್ಸಿಗೂ ಆಗಿನ ನಂಟು ಅಷ್ಟು ಗಟ್ಟಿ.

ಗುಡಿಯ ದಕ್ಷಿಣದ ಬದಿಗೆ ಬಂದು ತಳಮಟ್ಟದಲ್ಲಿ ನೋಡಿ. ಬಂಡೆಯನ್ನು ಗೂಡಿನ ಹಾಗೆ ಒಳಕ್ಕೆ ಕೊರೆದು, ಆ ಕತ್ತಲಲ್ಲಿ ರಾವಣನನ್ನು ಕೂರಿಸಿದ್ದಾರೆ. ಸುತ್ತ ಬೀಸಣಿಗೆಯಂತೆ ಹರಡಿದ ಅವನ ತೋಳುಗಳು ಮೇಲಿನ ಬೆಟ್ಟಕ್ಕೆ ಒತ್ತು ಕೊಟ್ಟಿವೆ. ಮೇಲೆ ಶಿವ, ಪಾರ್ವತಿ. ಬೆಟ್ಟ ಅಲುಗಿದ್ದಕ್ಕೆ ಪಾರ್ವತಿ ಒರಗಿ ಗಂಡನ ತೋಳನ್ನು ಹಿಡಿದಿದ್ದಾಳೆ. ಹಿಂದೆ ಸಖಿಯೊಬ್ಬಳು ಬೆದರಿ ಓಡುತ್ತಿದ್ದಾಳೆ. ಶಿವನಿಗೆ ಗಾಬರಿಯಿಲ್ಲ, ಕಾಲ ಬೆರಳು ಒತ್ತಿದರೆ ಸಾಕು. ಬಿಸಿಲು ಮೇಲಿನವರ ಮೇಲೆ ಬೀಳುವಾಗ ರಾವಣ ನೆರಳಲ್ಲೇ ಉಳಿಯುತ್ತಾನೆ. ಆ ನೆರಳಿನಲ್ಲಿ ಅವನು ಮೇಲಿನ ಭಿತ್ತಿಯ ಭಾಗವಾಗದೆ, ಬಂಡೆಯಿಂದ ಬಿಡಿಸಿಕೊಂಡ ಪೂರ್ತಿ ಮೈಯವನಾಗಿ ಕಾಣುತ್ತಾನೆ.

ಇಲ್ಲಿ ತೀರ್ಪು ಎಲ್ಲಿದೆ? ಎದ್ದು ಕಾಣುವಂತಿದೆ. ಬೆಟ್ಟ ಎತ್ತಹೊರಟದ್ದು ಮದ, ಆ ಮದ ಸೋಲುತ್ತದೆ, ಅವನ ಜಾಗ ಕೆಳಗೆ. ಶಿಲ್ಪಿಗೆ ಇದರಲ್ಲಿ ಅನುಮಾನವೇ ಇಲ್ಲ. ಆದರೂ ಉಳಿಯ ಅತಿ ಹೆಚ್ಚಿನ ಶ್ರಮವನ್ನು ಅವನು ವ್ಯಯಿಸಿದ್ದು ಸೋಲುವವನ ಮೇಲೆ. ಇಷ್ಟು ದೊಡ್ಡ ಬಂಡೆಯ ತೂಕವನ್ನು ಒಬ್ಬ ಹೊರುತ್ತಿದ್ದಾನೆ ಎಂಬುದನ್ನು ನಮ್ಮ ಮೈಗೆ ತಟ್ಟಿಸುತ್ತಾನೆ. ಅಂಗಳದ ಸುತ್ತಿನ ಕೈಸಾಲೆಯಲ್ಲಿ ಅದೇ ರಾವಣ ಲಿಂಗದ ಮುಂದೆ ತನ್ನ ತಲೆಗಳನ್ನು ಒಂದೊಂದಾಗಿ ಕತ್ತರಿಸಿ ಅರ್ಪಿಸುತ್ತಿದ್ದಾನೆ. ಮದಾಂಧನೂ ಅವನೇ, ಭಕ್ತನೂ ಅವನೇ, ಒಂದೇ ಗುಡಿಯ ಆವರಣದೊಳಗೆ. ಬೆಟ್ಟ ಅಲುಗಿಸುವ ರಾವಣ ವೇರೂಳಿನ 14, 21, 29ನೆಯ ಗುಹೆಗಳಲ್ಲೂ ಇದ್ದಾನೆ. 14ನೆಯದನ್ನು ಊರಿನ ಜನ ಅವನ ಹೆಸರಿನಿಂದಲೇ ಕರೆಯುತ್ತಾರೆ.

ಅಲ್ಲಿಂದ ಉತ್ತರದ ತುದಿಗೆ ನಡೆದರೆ 30ರಿಂದ 34ರವರೆಗಿನ ಜೈನ ಗುಹೆಗಳು. ಜೈನರ ರಾಮಕಥೆಯಲ್ಲೂ ರಾವಣ ಕೈಲಾಸವನ್ನು ಎತ್ತುತ್ತಾನೆ. ಅಲ್ಲಿ ಮೇಲಿರುವವನು ತಪಸ್ಸಿಗೆ ಕುಳಿತ ವಾಲಿ ಮುನಿ, ಬೆಟ್ಟದ ಮೇಲಿನ ಜಿನಾಲಯಗಳು ಹಾಳಾಗಬಾರದೆಂದು ಹೆಬ್ಬೆರಳು ಒತ್ತುವವನು ಆತ. ಈ ಪರಂಪರೆಯ ರಾವಣ ರಕ್ಕಸನಲ್ಲ, ವಿದ್ಯಾಧರ ಕುಲದ ಮನುಷ್ಯ. ಹತ್ತು ತಲೆ ಕೂಡ ಕೊರಳ ಹಾರದ ರತ್ನಗಳಲ್ಲಿ ಕಂಡ ಪ್ರತಿಬಿಂಬ. ಅವನನ್ನು ಕೊಲ್ಲುವುದು ಲಕ್ಷ್ಮಣ. ಆಮೇಲೆ ನರಕದಲ್ಲಿ ರಾವಣನೂ ಇದ್ದಾನೆ, ಲಕ್ಷ್ಮಣನೂ ಇದ್ದಾನೆ. ಸ್ವರ್ಗದಲ್ಲಿ ಹುಟ್ಟಿದ ಸೀತೆಯ ಜೀವ ಅಲ್ಲಿಗೆ ಇಳಿದು ಬಂದು ಇಬ್ಬರಿಗೂ ಧರ್ಮ ಹೇಳುತ್ತದೆ. ಮುಂದೊಂದು ಕಾಲಕ್ಕೆ ರಾವಣ ತೀರ್ಥಂಕರನೂ ಆಗುತ್ತಾನೆ. ನಿಮ್ಮ ಗೆಳೆಯರಿಗೆ ಈ ಒಂದು ಕಥೆ ಹೇಳಿ ನೋಡಿ.

ಇದೇ ಕಥೆಯನ್ನು ಸುಮಾರು 1100ರ ಹೊತ್ತಿಗೆ ಕನ್ನಡಕ್ಕೆ ತಂದವನು ನಾಗಚಂದ್ರ, ಅಭಿನವ ಪಂಪ ಎಂದು ಕರೆಸಿಕೊಂಡವನು. 16 ಆಶ್ವಾಸಗಳ ‘ರಾಮಚಂದ್ರಚರಿತ ಪುರಾಣ’ವನ್ನು ನಾವು ಪಂಪರಾಮಾಯಣ ಎಂದೇ ಓದುತ್ತೇವೆ. ಅವನ ರಾವಣ ತನಗೆ ಒಲಿಯದ ಹೆಣ್ಣನ್ನು ಮುಟ್ಟುವುದಿಲ್ಲ ಎಂದು ವ್ರತ ಹಿಡಿದವನು. ಪರರ ಹೆಂಡತಿ ಉಪರಂಭೆ ತಾನಾಗಿ ಮೋಹಿಸಿ ಬಂದರೂ ಬುದ್ಧಿ ಹೇಳಿ ಗಂಡನ ಬಳಿಗೆ ಕಳಿಸಿದವನು. ಅಂಥವನು ಸೀತೆಯನ್ನು ಕಂಡು ಜಾರುತ್ತಾನೆ. ಕವಿ ಆ ಜಾರುವಿಕೆಯನ್ನು ಹೇಳುವಾಗ ಸಮುದ್ರವನ್ನು ಕರೆತರುತ್ತಾನೆ: ಕಡಲು ಕೂಡ ಕಾಲ ಕೂಡಿಬಂದರೆ ಒಮ್ಮೆ ತನ್ನ ಎಲ್ಲೆ ದಾಟೀತಲ್ಲವೇ ಎಂಬ ಭಾವ. ಕಡಲು ಎಲ್ಲೆ ದಾಟಿದರೆ ಊರು ಹಾಳಾಗುತ್ತದೆ, ಅದನ್ನು ಕವಿ ಮರೆತಿಲ್ಲ. ಆದರೆ ಎಲ್ಲೆ ದಾಟಿದ್ದು ಚರಂಡಿಯಲ್ಲ, ಕಡಲು ಎಂಬುದನ್ನೂ ಮರೆತಿಲ್ಲ.

ಮುಂದೆ ಬರುವುದು ಕನ್ನಡ ಕಾವ್ಯದ ಅತಿ ಸೂಕ್ಷ್ಮ ಸನ್ನಿವೇಶಗಳಲ್ಲಿ ಒಂದು. ಬಹುರೂಪಿಣಿ ವಿದ್ಯೆಯನ್ನು ಸಾಧಿಸಿಕೊಂಡ ರಾವಣ ಗೆಲುವಿನ ಹುಮ್ಮಸ್ಸಿನಲ್ಲಿ ಸೀತೆಯ ಎದುರು ನಿಲ್ಲುತ್ತಾನೆ. ರಾಮನಿಗೆ ಇನ್ನು ಉಳಿವಿಲ್ಲ ಎಂಬ ಮಾತು ಕೇಳಿ ಅವಳು ರಾಮಲಕ್ಷ್ಮಣರ ಪ್ರಾಣ ಬೇಡುತ್ತ ಮೂರ್ಛೆ ಹೋಗುತ್ತಾಳೆ. ಆ ಕ್ಷಣದಲ್ಲಿ ರಾವಣನ ಮನಸ್ಸು ತಿರುಗುತ್ತದೆ. ಯಾರೂ ಉಪದೇಶಿಸಲಿಲ್ಲ, ಯಾರೂ ಸೋಲಿಸಲಿಲ್ಲ. ಕದಡಿದ ನೀರು ತನ್ನಷ್ಟಕ್ಕೆ ತಿಳಿಯಾಗುವುದಕ್ಕೆ ಕವಿ ಅದನ್ನು ಹೋಲಿಸಿದ್ದಾನೆ. ಇವರನ್ನು ಅಗಲಿಸಿ ನಾನು ಪಾಪ ಮಾಡಿದೆ, ತಮ್ಮನ ಮಾತು ಕೇಳಬೇಕಿತ್ತು ಎಂದು ಹಲುಬುತ್ತಾನೆ. ಸೀತೆಯನ್ನು ಒಪ್ಪಿಸಿಬಿಡಬೇಕು ಎಂದು ನಿಶ್ಚಯಿಸುತ್ತಾನೆ.

ಅಲ್ಲಿಗೇ ನಿಂತಿದ್ದರೆ ಲಂಕೆ ಉಳಿಯುತ್ತಿತ್ತು. ಆದರೆ ಮರುಗಳಿಗೆಯಲ್ಲೇ ಇನ್ನೊಂದು ಯೋಚನೆ: ಈಗ ಕೊಟ್ಟರೆ ಹೆದರಿ ಕೊಟ್ಟನೆನ್ನುತ್ತಾರೆ. ಮೊದಲು ರಣದಲ್ಲಿ ರಾಮಲಕ್ಷ್ಮಣರನ್ನು ಗೆದ್ದು, ಸೆರೆಹಿಡಿದು, ಆಮೇಲೆ ನಾನಾಗಿಯೇ ಸೀತೆಯನ್ನು ಕೊಡುತ್ತೇನೆ! ಪಶ್ಚಾತ್ತಾಪ ನಿಜ, ತಿದ್ದಿಕೊಳ್ಳುವ ಮನಸ್ಸೂ ನಿಜ. ಆದರೆ ತಿದ್ದಿಕೊಳ್ಳುವುದು ತನ್ನ ಕೀರ್ತಿಗೆ ಒಪ್ಪುವ ರೀತಿಯಲ್ಲೇ ಆಗಬೇಕು. ಆ ಒಂದು ಹಟದಿಂದ ಅವನೂ ಸತ್ತ, ಅವನ ಸೈನ್ಯವೂ ಸತ್ತಿತು.

ಜಿಮ್‌ನ ಕೊನೆಯನ್ನು ಇದರ ಪಕ್ಕದಲ್ಲಿಟ್ಟು ಓದಿ. ಪಟುಸಾನ್‌ಗೆ ಬ್ರೌನ್ ಎಂಬ ಕಡಲುಗಳ್ಳ ಬರುತ್ತಾನೆ. ಅವನ ಮಾತು ಜಿಮ್‌ನ ಹಳೆಯ ಗಾಯಕ್ಕೆ ತಗುಲುತ್ತದೆ, ಜಿಮ್ ಅವನನ್ನು ಸುಮ್ಮನೆ ಹೋಗಲು ಬಿಡುತ್ತಾನೆ. ಹೋಗುವ ದಾರಿಯಲ್ಲಿ ಬ್ರೌನ್ ಮೋಸದಿಂದ ಡೈನ್ ವಾರಿಸ್‌ನನ್ನು, ಜಿಮ್‌ನ ಆಪ್ತಮಿತ್ರನನ್ನು, ಕೊಲ್ಲುತ್ತಾನೆ. ಜಿಮ್ ಈ ಸಲ ಓಡುವುದಿಲ್ಲ. ತಾನೇ ನಡೆದು ಹೋಗಿ ಡೈನ್ ವಾರಿಸ್‌ನ ತಂದೆ ಡೊರಾಮಿನ್ ಎದುರು ನಿಂತು ಗುಂಡಿಗೆ ಎದೆ ಕೊಡುತ್ತಾನೆ. ಪಾಟ್ನಾದ ಲೆಕ್ಕ ಅವನ ಮಟ್ಟಿಗೆ ಚುಕ್ತಾ. ಆದರೆ ಪಟುಸಾನ್‌ನಲ್ಲಿ ಅವನನ್ನು ಪ್ರೀತಿಸಿ, ಅವನನ್ನೇ ನಂಬಿದ್ದ ಜ್ಯುವೆಲ್? ನಿಲ್ಲು, ಹೋರಾಡು ಎಂದು ಅವಳು ಕೈಹಿಡಿದು ಬೇಡುತ್ತಾಳೆ. ಅವನು ಕೊಡವಿಕೊಂಡು ಹೋಗುತ್ತಾನೆ. ಅವಳು ಅವನನ್ನು ಕ್ಷಮಿಸುವುದೇ ಇಲ್ಲ, ಕಾನ್ರಾಡ್ ಅವಳ ಬಾಯಿ ಮುಚ್ಚಿಸುವುದೂ ಇಲ್ಲ. ಜಿಮ್‌ಗೂ ನಾಗಚಂದ್ರನ ರಾವಣನಿಗೂ ಇದೊಂದೇ ದೋಷ: ತಮ್ಮ ತಪ್ಪಿನ ಪರಿಹಾರದಲ್ಲೂ ತಾವೇ ನಾಯಕರಾಗಬೇಕು, ಖರ್ಚು ಮಾತ್ರ ಬೇರೆಯವರ ತಲೆಗೆ.

ಈ ಕಾರಣಕ್ಕೇ ಇಂಥ ಪಾತ್ರಗಳನ್ನು ಓದುವಾಗ ಎಚ್ಚರ ಬೇಕು ಎನ್ನುತ್ತೇನೆ. ದುರಂತ ನಾಯಕನ ಮೇಲಿನ ಮರುಕ ಎಷ್ಟು ಬೇಗ ಉಕ್ಕುತ್ತದೆಂದರೆ, ನೊಂದವರು ಕಣ್ಣಿಂದ ಮರೆಯಾಗಿಬಿಡುತ್ತಾರೆ. ಸೀತೆಯನ್ನು ಅಪಹರಿಸಿದ ಜಾಗವೆಂದು ಜನ ನಂಬುವ ಪಂಚವಟಿ ನಾಸಿಕದಲ್ಲಿದೆ, ನಿಮಗೆ ದೂರವೇನಲ್ಲ. ವೇರೂಳಿನಲ್ಲಿ ರಾವಣನ ಭುಜಬಲ ನೋಡಿ ಬೆರಗಾದವರು ಒಮ್ಮೆ ಗೋದಾವರಿಯ ದಂಡೆಗೂ ಹೋಗಿಬರುವುದು ಒಳ್ಳೆಯದು. ನಾಗಚಂದ್ರನ ಕಾವ್ಯದಲ್ಲಿ ರಾವಣನನ್ನು ಬದಲಿಸುವುದು ಸೀತೆಯ ಸಂಕಟ. ಓದುಗ ಅವಳನ್ನು ಮರೆತು ಅವನಿಗಾಗಿ ಮಾತ್ರ ಅತ್ತರೆ, ಆ ಪದ್ಯಗಳನ್ನು ಅರ್ಧವೇ ಓದಿದಂತೆ.

ನಮ್ಮಲ್ಲಿ ಇಂಥ ಪಾತ್ರಗಳಿಲ್ಲ ಎಂಬ ಗೆಳೆಯರ ವಾದಕ್ಕೆ ಹೆಚ್ಚು ಹೇಳಬೇಕಿಲ್ಲ. 941ರಲ್ಲಿ ಪಂಪ ಬರೆದ ಕರ್ಣ, 982ರಲ್ಲಿ ರನ್ನ ಬರೆದ ದುರ್ಯೋಧನ, ಇವರ ಮುಂದೆ ಆ ವಾದ ನಿಲ್ಲುವುದಿಲ್ಲ. ನಾಗಚಂದ್ರನ ರಾವಣನನ್ನು ದುರಂತ ನಾಯಕನೆಂದು ಗುರುತಿಸಿ ಬಿ.ಎಂ.ಶ್ರೀ. ಅವರು ಪ್ರಬಂಧವನ್ನೇ ಬರೆದರು. ಕುವೆಂಪು ಅವರು 1949ರಲ್ಲಿ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ರಾವಣನಿಗೆ ಸೀತೆಯನ್ನು ತಾಯಿಯಾಗಿ ಕಾಣುವ ಕನಸು ಕೊಟ್ಟರು. ಎದುರಾಳಿಯನ್ನು ಸೋಲಿಸಿಯೂ ಕುಗ್ಗಿಸದ ಈ ಗುಣ ನಮ್ಮ ಕಾವ್ಯದಲ್ಲಿ ಸಾವಿರ ವರ್ಷದಿಂದ ಇದೆ.

ಹಾಗಾದರೆ ಜಿಮ್ ಒಳ್ಳೆಯವನೋ ಕೆಟ್ಟವನೋ? ನನ್ನ ತೀರ್ಮಾನ ಕೇಳಿದ್ದೀರಿ, ಹೇಳುತ್ತೇನೆ. ಪಾಟ್ನಾದ ರಾತ್ರಿ ಅವನು ತಪ್ಪಿತಸ್ಥ. ಪಟುಸಾನ್‌ನಲ್ಲಿ ಜನರ ನಡುವೆ ಬಾಳಿದಷ್ಟು ಕಾಲ ಒಳ್ಳೆಯವನು. ಡೊರಾಮಿನ್ ಎದುರು ನಿಂತಾಗ ಧೈರ್ಯವಂತ, ಆದರೆ ಜ್ಯುವೆಲ್‌ಗೆ ದ್ರೋಹಿ. ಈ ನಾಲ್ಕನ್ನೂ ಕೂಡಿಸಿ ಒಂದೇ ಮಾತು ಮಾಡಬೇಡಿ. ಕಾನ್ರಾಡ್ ಮಾಡಲಿಲ್ಲ, ಕೈಲಾಸದ ಶಿಲ್ಪಿಯೂ ಮಾಡಲಿಲ್ಲ.

ಮಂಗಳವಾರ ವೇರೂಳ್ ಗುಹೆಗಳಿಗೆ ರಜೆ, ಸೋಮವಾರ ಅಜಂತಾಕ್ಕೆ. ಆ ದಿನಗಳನ್ನು ಬಿಟ್ಟು, ಬೆಳಿಗ್ಗೆ ಬೇಗ ಹೋಗಿ. ಹೋಗುವ ಮುನ್ನ ಪಂಪರಾಮಾಯಣದಲ್ಲಿ ರಾವಣನ ಮನಸ್ಸು ತಿಳಿಯಾಗುವ ಭಾಗವನ್ನು ಅರ್ಥಸಹಿತ ಓದಿಕೊಳ್ಳಿ, ಹಳಗನ್ನಡವೆಂದು ಹಿಂಜರಿಯಬೇಡಿ. ನಿಮ್ಮ ಗೆಳೆಯರನ್ನೂ ಜೊತೆಗೆ ಕರೆದುಕೊಂಡು ಹೋಗಿ.